ಓದುಗರ ಪ್ರಶ್ನೆಗಳಿಗೆ ಉತ್ತರ: ದೊರೆಗಳು ಉರುಳಿದರೂ ಉರುಳದ ತಾಲೆರಾನ್

ಪ್ರಶ್ನೆ: ಮಗಳ ಪದವಿ ತರಗತಿಯ ಇತಿಹಾಸದ ಟಿಪ್ಪಣಿಗಳನ್ನು ತಿರುವಿಹಾಕುವಾಗ ಒಂದೇ ಹೆಸರು ನಾಲ್ಕಾರು ಕಡೆ ಎದುರಾಯಿತು. 1789ರಲ್ಲಿ ಬಿಷಪ್ ಆಗಿದ್ದ ಟ್ಯಾಲಿರಾಂಡ್, ಕ್ರಾಂತಿಯ ಸಭೆಯಲ್ಲಿ ಸದಸ್ಯನಾದ ಟ್ಯಾಲಿರಾಂಡ್, ನೆಪೋಲಿಯನ್ನನ ವಿದೇಶಾಂಗ ಸಚಿವ ಟ್ಯಾಲಿರಾಂಡ್, ನೆಪೋಲಿಯನ್ ಬಿದ್ದ ಮೇಲೆ ವಿಯೆನ್ನಾದಲ್ಲಿ ಬೂರ್ಬನ್ ದೊರೆಯ ಪ್ರತಿನಿಧಿಯಾದ ಟ್ಯಾಲಿರಾಂಡ್, ಇವರೆಲ್ಲರೂ ಒಬ್ಬರೇ ಏನು? ಹೌದಾದರೆ ಇಂಥವನನ್ನು ಮುತ್ಸದ್ದಿ ಎನ್ನಬೇಕೋ, ಊಸರವಳ್ಳಿ ಎನ್ನಬೇಕೋ?
(ಓದುಗರೊಬ್ಬರು, ಧಾರವಾಡ)

ಉತ್ತರ: ಒಬ್ಬನೇ ವ್ಯಕ್ತಿ. ತಾವು ಕೊಟ್ಟ ಪಟ್ಟಿ ಪೂರ್ತಿಯೂ ಅಲ್ಲ. 1830ರಲ್ಲಿ ಫ್ರಾನ್ಸಿನ ಹಳೆಯ ರಾಜವಂಶವಾದ ಬೂರ್ಬನ್ ಮನೆತನದ ದೊರೆಯೂ ಪದಚ್ಯುತನಾದಾಗ, ಹೊಸದಾಗಿ ಪಟ್ಟಕ್ಕೆ ಬಂದ ಲೂಯಿ ಫಿಲಿಪ್ಪನ ರಾಯಭಾರಿಯಾಗಿ ಲಂಡನ್ನಿಗೆ ಹೋದವನೂ ಇವನೇ. ಆಗ ಅವನಿಗೆ 76 ವರ್ಷ. ಪೂರ್ಣ ಹೆಸರು ಶಾರ್ಲ್ ಮೊರೀಸ್ ದ ತಾಲೆರಾನ್ ಪೆರಿಗೋರ್. ಟ್ಯಾಲಿರಾಂಡ್ ಎನ್ನುವುದು ಇಂಗ್ಲಿಷಿನ ದಾರಿಯಾಗಿ ನಮಗೆ ಬಂದ ಉಚ್ಚಾರ. ಫ್ರೆಂಚರ ಬಾಯಲ್ಲಿ ಕೊನೆಯ ‘ಡ’ಕಾರ ಕೇಳಿಸುವುದಿಲ್ಲವಾದ್ದರಿಂದ ಇಲ್ಲಿ ತಾಲೆರಾನ್ ಎಂದೇ ಬರೆಯುತ್ತೇನೆ.

1754ರ ಫೆಬ್ರವರಿ 2ರಂದು ಪ್ಯಾರಿಸ್ಸಿನ ಹಳೆಯ ಕುಲೀನ ಮನೆತನವೊಂದರಲ್ಲಿ ಹುಟ್ಟಿದ ಇವನ ಒಂದು ಪಾದ ಊನವಾಗಿತ್ತು. ಕೂಸಾಗಿದ್ದಾಗ ಎತ್ತರದಿಂದ ಬಿದ್ದು ಕಾಲು ಕೆಟ್ಟಿತೆಂದು ಆತನೇ ಹೇಳಿಕೊಂಡಿದ್ದಾನೆ; ಅದು ಹುಟ್ಟಿನಿಂದ ಬಂದದ್ದೆಂದು ಇಂದಿನ ಅನೇಕ ಇತಿಹಾಸಕಾರರ ಅಭಿಪ್ರಾಯ. ಕಾರಣ ಯಾವುದಾದರೂ ಇರಲಿ, ಕತ್ತಿ ಹಿಡಿದು ಸೈನ್ಯಕ್ಕೆ ಸೇರಲಾಗದ ಈ ಮಗನನ್ನು ಹಿರಿಯ ಮಗನ ಹಕ್ಕಿನಿಂದ ಬದಿಗೆ ಸರಿಸಿ, ಅವನಿಗೆ ಮನಸ್ಸಿಲ್ಲದಿದ್ದರೂ ಪಾದ್ರಿಯ ಶಿಕ್ಷಣಕ್ಕೆ ಕಳುಹಿಸಲಾಯಿತು. 1779ರಲ್ಲಿ ದೀಕ್ಷೆಯಾಯಿತು. ಮರುವರ್ಷದಿಂದ ಐದು ವರ್ಷ ಫ್ರಾನ್ಸಿನ ಧರ್ಮಾಧಿಕಾರಿಗಳ ಪರವಾಗಿ ಸರ್ಕಾರದೊಡನೆ ವ್ಯವಹರಿಸುವ ಪ್ರತಿನಿಧಿಯ ಹುದ್ದೆಯಲ್ಲಿದ್ದುದರಿಂದ, ಚರ್ಚಿಗೆ ಎಲ್ಲೆಲ್ಲಿ ಎಷ್ಟು ಭೂಮಿಯಿದೆ, ಅದರಿಂದ ಎಷ್ಟು ಹುಟ್ಟುವಳಿ ಬರುತ್ತದೆ ಎಂಬ ಲೆಕ್ಕವೆಲ್ಲ ಅವನಿಗೆ ಅಂಗೈ ಮೇಲಿನ ನೆಲ್ಲಿಕಾಯಿಯಂತೆ ತಿಳಿದಿತ್ತು. 1789ರ ಜನವರಿಯಲ್ಲಿ ಓತೂನ್ ಎಂಬ ಊರಿನ ಬಿಷಪ್ ಆಗಿ ಅಭಿಷೇಕ ಹೊಂದಿದವನು ಅಲ್ಲಿಗೆ ಹೋದದ್ದು ಆ ವಸಂತದಲ್ಲಿ ಮಾತ್ರ, ಅದೂ ಸುಮಾರು ಒಂದು ತಿಂಗಳ ಮಟ್ಟಿಗೆ, ಧರ್ಮಾಧಿಕಾರಿಗಳ ಪ್ರತಿನಿಧಿಯಾಗಿ ಆರಿಸಿ ಬರುವುದಕ್ಕೆ.

ಆರಿಸಿ ಬಂದ ಮೇಲೆ ಮಾಡಿದ್ದೇನೆಂದರೆ, ಅದೇ ವರ್ಷದ ಅಕ್ಟೋಬರ್ 10ರಂದು ಸಭೆಯಲ್ಲಿ ಎದ್ದು ನಿಂತು, ದಿವಾಳಿಯಾಗಿರುವ ದೇಶದ ಸಾಲ ತೀರಿಸಲು ಚರ್ಚಿನ ಆಸ್ತಿಯನ್ನೆಲ್ಲ ರಾಷ್ಟ್ರದ ವಶಕ್ಕೆ ತೆಗೆದುಕೊಳ್ಳಬೇಕೆಂದು ಸೂಚಿಸಿದ್ದು. ಬೀಗದ ಕೈ ಇಟ್ಟುಕೊಂಡಿದ್ದವನೇ ಬಾಗಿಲು ತೆರೆದ ಹಾಗಾಯಿತು. ನವೆಂಬರ್ 2ರಂದು 568 ಮತಗಳು ಪರವಾಗಿ, 346 ವಿರುದ್ಧವಾಗಿ ಬಿದ್ದು ನಿರ್ಣಯ ಅಂಗೀಕಾರವಾಯಿತು. 1790ರ ಜುಲೈ 14ರಂದು ಬಾಸ್ತೀಯ್ ಕೋಟೆ ಬಿದ್ದ ಮೊದಲ ವರ್ಷದ ಹಬ್ಬದಲ್ಲಿ, ಸುರಿಯುವ ಮಳೆಯಲ್ಲಿ, ಲಕ್ಷಾಂತರ ಜನರ ಮುಂದೆ ಬಲಿಪೂಜೆ ನಡೆಸಿದವನೂ ಈತನೇ. ಪೀಠಕ್ಕೇರುವಾಗ ಪಕ್ಕದಲ್ಲಿದ್ದ ಸೇನಾನಿ ಲಾಫಾಯೆತ್ತನಿಗೆ ‘ದಯವಿಟ್ಟು ನನ್ನನ್ನು ನಗಿಸಬೇಡಿ’ ಎಂದನಂತೆ. ಇಂಥ ‘ಅಂತೆ’ಗಳು ಇವನ ಹೆಸರಿಗೆ ರಾಶಿ ರಾಶಿಯಾಗಿ ಅಂಟಿಕೊಂಡಿವೆ; ಅರ್ಧದಷ್ಟನ್ನು ಬೇರೆಯವರು ಕಟ್ಟಿದ್ದೆಂದು ತಿಳಿದು ಓದುವುದು ಕ್ಷೇಮ. ಕ್ರಾಂತಿಯ ಸರ್ಕಾರ ಪಾದ್ರಿಗಳಿಂದ ಕೇಳಿದ ಪ್ರಮಾಣವಚನವನ್ನು ಸ್ವೀಕರಿಸಿ, 1791ರಲ್ಲಿ ಬಿಷಪ್ ಹುದ್ದೆಗೆ ರಾಜೀನಾಮೆ ಕೊಟ್ಟು, ಆಮೇಲೂ ಇಬ್ಬರು ಹೊಸ ಬಿಷಪ್ಪರಿಗೆ ಅಭಿಷೇಕ ಮಾಡಿದ್ದರಿಂದ ಪೋಪ್ ಆರನೆಯ ಪಯಸ್ ಅವನನ್ನು ಚರ್ಚಿನಿಂದ ಬಹಿಷ್ಕರಿಸಿದ.

ಈಗ ತಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಅಷ್ಟೊಂದು ತಲೆಗಳು ಉರುಳಿದ ಕಾಲದಲ್ಲಿ ಇವನ ತಲೆ ಹೇಗೆ ಉಳಿಯಿತು? 1792ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಕೈದಿಗಳ ಕೊಲೆ ನಡೆಯುತ್ತಿದ್ದಾಗ, ಈ ಮನುಷ್ಯ ಸಚಿವ ಡಾಂಟನ್ನನ ಕಚೇರಿಯಲ್ಲಿ ಒಂದು ಪಾಸ್‌ಪೋರ್ಟಿಗಾಗಿ ಕಾದು ಕುಳಿತಿದ್ದ. 7ನೆಯ ತಾರೀಖು ಅದು ಕೈಗೆ ಬಂತು. ಓಡಿಹೋಗಬೇಕೆಂದಿದ್ದವರು ಸಾವಿರಾರು ಜನರಿದ್ದರು, ಅವರೆಲ್ಲ ರಾತ್ರೋರಾತ್ರಿ ವೇಷ ಮರೆಸಿಕೊಂಡು ಗಡಿ ದಾಟಿದರು. ಇವನು ಮಾತ್ರ ‘ನಮ್ಮ ಆದೇಶದ ಮೇರೆಗೆ ಲಂಡನ್ನಿಗೆ ಹೋಗುತ್ತಿದ್ದಾನೆ’ ಎಂಬ ಅರ್ಥದ ಸರ್ಕಾರಿ ಕಾಗದ ಕೈಯಲ್ಲಿ ಹಿಡಿದು ಹಗಲಲ್ಲೇ ಹೊರಟ. ಆ ಡಿಸೆಂಬರಿನಲ್ಲಿ, ಪದಚ್ಯುತ ದೊರೆ ಹದಿನಾರನೆಯ ಲೂಯಿಯ ಅರಮನೆಯ ಕಬ್ಬಿಣದ ಕಪಾಟಿನಲ್ಲಿ ಸಿಕ್ಕ ಗುಪ್ತ ಪತ್ರಗಳಲ್ಲಿ ಇವನ ಹೆಸರಿದ್ದುದರಿಂದ ಆರೋಪ ಹೊರಿಸಲಾಯಿತು, ದೇಶತ್ಯಾಗಿಗಳ ಪಟ್ಟಿಗೂ ಹೆಸರು ಸೇರಿತು. 1794ರಲ್ಲಿ ಇಂಗ್ಲೆಂಡಿನವರೂ ಹೊರಹಾಕಿದರು. ಎರಡು ವರ್ಷ ಅಮೆರಿಕದ ಫಿಲಡೆಲ್ಫಿಯಾ ಕಡೆ ಭೂಮಿಯ ವ್ಯಾಪಾರದಲ್ಲಿ ಕಳೆದ. ಭೀಕರ ದಿನಗಳು ಮುಗಿದ ಮೇಲೆ ಅದೇ ಪಾಸ್‌ಪೋರ್ಟನ್ನು ಮುಂದಿಟ್ಟು, ತಾನು ಓಡಿಹೋದವನಲ್ಲ, ಸರ್ಕಾರವೇ ಕಳುಹಿಸಿದ್ದು ಎಂದು ವಾದಿಸಿದ. ಲೇಖಕಿ ಮದಾಮ್ ದ ಸ್ತಾಲ್ ಪ್ಯಾರಿಸ್ಸಿನಲ್ಲಿ ಅವನ ಪರವಾಗಿ ಓಡಾಡಿದಳು. 1795ರ ಸೆಪ್ಟೆಂಬರಿನಲ್ಲಿ ಪಟ್ಟಿಯಿಂದ ಹೆಸರು ತೆಗೆದರು, 1797ರ ಜುಲೈಯಲ್ಲಿ ಆತ ವಿದೇಶಾಂಗ ಸಚಿವನಾದ. ಯಾವ ಮನೆಯನ್ನು ಬಿಟ್ಟರೂ ಅದರ ಬಾಗಿಲನ್ನು ಒಂದಿಷ್ಟು ಓರೆಯಾಗಿಯೇ ಬಿಟ್ಟು ಹೋಗುವುದು ಅವನ ಪದ್ಧತಿ. ಗಾಳಿ ಬಂದಾಗ ತೂರಿಕೊಂಡವರು ಆ ಕಾಲದಲ್ಲಿ ಬಹಳ ಮಂದಿ ಇದ್ದರು. ಗಾಳಿ ಇನ್ನೂ ಏಳುವ ಮೊದಲೇ ಕಣ ಸಾರಿಸಿ ಇಟ್ಟುಕೊಂಡವನು ಇವನು.

ಊಸರವಳ್ಳಿ ಎಂಬ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಊಸರವಳ್ಳಿ ಬಣ್ಣ ಬದಲಿಸುತ್ತದೆ, ಇವನು ಬಣ್ಣ ಬದಲಿಸಲಿಲ್ಲ. ಸಾಯುವವರೆಗೂ ಪುಡಿ ಹಚ್ಚಿದ ಕೂದಲು, ನಿಧಾನದ ನಡೆ, ಹಳೆಯ ಅರಮನೆಯ ಮಾತು. ವಿಚಾರದಲ್ಲೂ ಹಾಗೆಯೇ. 1792ರ ನವೆಂಬರಿನಲ್ಲಿ ಲಂಡನ್ನಿನಿಂದ ಬರೆದ ಟಿಪ್ಪಣಿಯಲ್ಲಿ, ತನ್ನ ಮನೆಗೆ ತಾನು ಯಜಮಾನನಾಗಿರುವುದೇ ನಿಜವಾದ ಹಿರಿಮೆ, ಪರರ ಮನೆಗೂ ಯಜಮಾನನಾಗಹೊರಡುವುದು ಹಾಸ್ಯಾಸ್ಪದ ಎಂಬರ್ಥದ ಮಾತು ಬರೆದಿದ್ದ. 1805ರಲ್ಲಿ ನೆಪೋಲಿಯನ್ ಆಸ್ಟ್ರಿಯಾವನ್ನು ಸೋಲಿಸುತ್ತಿದ್ದಾಗ, ಆ ದೇಶವನ್ನು ಪೂರ್ತಿ ಕುಗ್ಗಿಸಬೇಡಿ, ಸ್ನೇಹಕ್ಕೆ ಎಳೆದುಕೊಳ್ಳಿ ಎಂದು ಸ್ಟ್ರಾಸ್‌ಬರ್ಗಿನಿಂದ ಬರೆದದ್ದು ಅದೇ ವಿಚಾರದ ಮುಂದುವರಿಕೆ. ಇಂಗ್ಲೆಂಡಿನೊಡನೆ ಶಾಂತಿ, ಮಿತಿಯರಿತ ಗಡಿ, ಕಾನೂನಿಗೆ ಕಟ್ಟುಬಿದ್ದ ಅರಸೊತ್ತಿಗೆ ಎಂಬ ಮೂರನ್ನು ಅವನು ನಲವತ್ತು ವರ್ಷ ಹಿಡಿದುಕೊಂಡೇ ಇದ್ದ.

ಹಾಗೆಂದು ಮುತ್ಸದ್ದಿಯೆಂಬ ಹಾರ ಹಾಕಿ ಕಳುಹಿಸಿಬಿಡಲೂ ಆಗದು. 1797ರಲ್ಲಿ ಮಾತುಕತೆಗೆ ಬಂದ ಅಮೆರಿಕದ ಮೂವರು ಪ್ರತಿನಿಧಿಗಳಿಗೆ, ಸಚಿವರನ್ನು ಕಾಣಬೇಕಾದರೆ ಮೊದಲು 50,000 ಪೌಂಡ್ ಕೈಸೇರಬೇಕೆಂದು ಇವನ ದಲ್ಲಾಳಿಗಳು ತಿಳಿಸಿದರು. ಪ್ರತಿನಿಧಿಗಳು ಅದನ್ನು ತಮ್ಮ ದೇಶಕ್ಕೆ ಬರೆದು, ಬರಹ ಅಲ್ಲಿ ಅಚ್ಚಾಗಿ, ಎರಡು ದೇಶಗಳ ನಡುವೆ ಸಮುದ್ರದಲ್ಲಿ ಗುಂಡು ಹಾರುವವರೆಗೆ ಹೋಯಿತು. 1803ರಲ್ಲಿ ಜರ್ಮನಿಯ ಸಣ್ಣ ಸಣ್ಣ ಸಂಸ್ಥಾನಗಳ ಗಡಿಯನ್ನು ಹೊಸದಾಗಿ ಗೆರೆ ಎಳೆಯುವಾಗಲೂ ಅರಸರು ಇವನ ಕೈ ಬೆಚ್ಚಗೆ ಮಾಡಿದರು. 1804ರ ಮಾರ್ಚಿನಲ್ಲಿ, ಪರದೇಶದ ನೆಲದಿಂದ ಎಳೆದುತಂದು ಗುಂಡಿಕ್ಕಿ ಕೊಂದ ಬೂರ್ಬನ್ ರಾಜಕುಮಾರ ಆಂಗಿಯಾನ್ ಡ್ಯೂಕನ ವಿಷಯದಲ್ಲಿ ಇವನ ಕೈ ಶುದ್ಧವೆಂದು ಹೇಳುವವರು ಕಡಿಮೆ. ನೀತಿ ಒಂದೇ ಇತ್ತು, ನಿಷ್ಠೆ ಇರಲಿಲ್ಲ, ಲಂಚ ಯಥೇಚ್ಛವಾಗಿತ್ತು. ಇವನ್ನು ಒಂದೇ ಪದದಲ್ಲಿ ಅಡಗಿಸುವ ಮಾತು ನನಗೆ ಸಿಕ್ಕಿಲ್ಲ.

ಪ್ರಶ್ನೆ: ಟಿಪ್ಪು ಸುಲ್ತಾನನ ನೆರವಿಗೆ ಫ್ರೆಂಚ್ ಸೈನ್ಯ ಕಳುಹಿಸಬೇಕೆಂದು ಸೂಚಿಸಿದವನು ಇವನೇ ಎಂದು ಕೇಳಿದ್ದೇನೆ. ಇವನ ಹೆಂಡತಿ ಭಾರತದಲ್ಲಿ ಹುಟ್ಟಿದವಳೆಂದೂ ಹೇಳುತ್ತಾರೆ. ನಿಜವೇ?
(ಓದುಗರೊಬ್ಬರು, ಮಂಡ್ಯ)

ಉತ್ತರ: ಎರಡೂ ನಿಜ. 1798ರ ಫೆಬ್ರವರಿಯಲ್ಲಿ ತಾಲೆರಾನ್ ಅಂದು ಫ್ರಾನ್ಸನ್ನು ಆಳುತ್ತಿದ್ದ ಡೈರೆಕ್ಟರಿ ಎಂಬ ಐವರು ಆಡಳಿತಗಾರರ ಸರ್ಕಾರಕ್ಕೆ ಈಜಿಪ್ಟ್ ದಂಡಯಾತ್ರೆಯ ಬಗ್ಗೆ ಒಂದು ವರದಿ ಸಲ್ಲಿಸಿದ. ಈಜಿಪ್ಟನ್ನು ಹಿಡಿದು ಭದ್ರಪಡಿಸಿದ ಮೇಲೆ ಸೂಯೆಜ್‌ನಿಂದ 15,000 ಸೈನಿಕರನ್ನು ಭಾರತಕ್ಕೆ ಕಳುಹಿಸಿ, ಟಿಪ್ಪುವಿನ ಸೈನ್ಯದೊಡನೆ ಸೇರಿ ಇಂಗ್ಲಿಷರನ್ನು ಓಡಿಸಬಹುದು ಎಂಬ ಮಾತು ಅದರಲ್ಲಿದೆ. ಕಾಗದದ ಮೇಲೆ ಇದು ಸೊಗಸಾಗಿಯೇ ಕಾಣುತ್ತದೆ. ಅದೇ ಜನವರಿಯಲ್ಲಿ ಮಾರಿಷಸ್ಸಿನ ಫ್ರೆಂಚ್ ಗವರ್ನರ್ ಮಲಾರ್ತಿಕ್, ಟಿಪ್ಪುವಿನ ದೂತರು ಗುಟ್ಟಾಗಿ ಕೇಳಿದ ಸಹಾಯವನ್ನು ಬಹಿರಂಗ ಪ್ರಕಟಣೆ ಮಾಡಿ ಸಾರಿಬಿಟ್ಟಿದ್ದ. ಅದರಿಂದ ಮಂಗಳೂರಿಗೆ ಬಂದಿಳಿದವರು ನೂರಕ್ಕಿಂತ ಕಡಿಮೆ ಮಂದಿ. ಆದರೆ ಇಂಗ್ಲಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧ ಹೂಡಲು ಬೇಕಾದ ನೆಪ ಆ ಪ್ರಕಟಣೆಯಿಂದಲೇ ದೊರೆಯಿತು.

ನೆಪೋಲಿಯನ್ ಈಜಿಪ್ಟಿಗೆ ಹೋದ, ಗೆದ್ದ. ಆಗಸ್ಟ್ ಮೊದಲಲ್ಲಿ ನೆಲ್ಸನ್ ಅವನ ಹಡಗುಗಳನ್ನು ಅಬುಕಿರ್ ಕೊಲ್ಲಿಯಲ್ಲಿ ನಾಶಮಾಡಿದ್ದರಿಂದ ಸೈನ್ಯ ಮರಳುಗಾಡಿನಲ್ಲಿ ಸಿಕ್ಕಿಕೊಂಡಿತು. ತುರ್ಕಿಯ ಸುಲ್ತಾನನನ್ನು ಸಮಾಧಾನಪಡಿಸಲು ತಾನೇ ಕಾನ್‌ಸ್ಟಾಂಟಿನೋಪಲ್‌ಗೆ ಹೋಗುವೆನೆಂದು ನೆಪೋಲಿಯನ್ನನಿಗೆ ಮಾತುಕೊಟ್ಟಿದ್ದ ತಾಲೆರಾನ್ ಪ್ಯಾರಿಸ್ ಬಿಟ್ಟು ಕದಲಲಿಲ್ಲ. 1799ರ ಜನವರಿ 25ರಂದು ಕೈರೋದಿಂದ ನೆಪೋಲಿಯನ್ ಟಿಪ್ಪುವಿಗೆ ಬರೆದ ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆ 15,000 ಮಂದಿಯಲ್ಲಿ ಒಬ್ಬನೂ ಸೂಯೆಜ್‌ನಿಂದ ಇತ್ತ ಹೊರಡಲಿಲ್ಲ. ಮೈಸೂರು ಎಂದರೆ ಆ ವರದಿ ಬರೆದವನಿಗೆ ನಕಾಶೆಯ ಮೇಲಿನ ಒಂದು ಹೆಸರು, ಅಷ್ಟೆ. ಅದಕ್ಕಿಂತ ಹೆಚ್ಚಿನ ಮಮತೆಯನ್ನು ಅಲ್ಲಿ ಹುಡುಕುವುದು ನಮ್ಮ ಆಸೆಯಾದೀತು.

ಹೆಂಡತಿಯ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಕ್ಯಾಥರೀನ್ ಹುಟ್ಟಿದ್ದು 1762ರಲ್ಲಿ, ಆಗ ಡೇನರ ವಶದಲ್ಲಿದ್ದ ತರಂಗಂಬಾಡಿಯಲ್ಲಿ. ತಂದೆ ಫ್ರೆಂಚ್ ಅಧಿಕಾರಿ. ಇನ್ನೂ ಹದಿನೈದು ತುಂಬುವ ಮೊದಲೇ ಕಂಪನಿಯ ನೌಕರ ಗ್ರ್ಯಾಂಡ್ ಎಂಬವನೊಡನೆ ಮದುವೆಯಾಯಿತು. 1778ರ ಡಿಸೆಂಬರಿನ ಒಂದು ರಾತ್ರಿ, ಗಂಡ ಮನೆಯಲ್ಲಿಲ್ಲದಾಗ, ಕಲ್ಕತ್ತೆಯ ಆ ಮನೆಯ ಗೋಡೆಗೆ ಬಿದಿರಿನ ಏಣಿ ಒರಗಿಸಿ ಒಳಗೆ ಬಂದ ಗವರ್ನರ್ ಜನರಲ್ಲನ ಮಂಡಲಿಯ ಸದಸ್ಯ ಫಿಲಿಪ್ ಫ್ರಾನ್ಸಿಸ್ ಆಳುಗಳ ಕೈಗೆ ಸಿಕ್ಕಿಬಿದ್ದ. ಸುಪ್ರೀಂ ಕೋರ್ಟು ಅವನಿಗೆ 50,000 ರೂಪಾಯಿ ದಂಡ ಹಾಕಿತು. ಆಕೆ ಮುಂದೆ ಯುರೋಪಿಗೆ ಹೋದಳು. 1798ರಲ್ಲಿ ಗೂಢಚಾರಿಣಿಯೆಂಬ ಸಂಶಯದಿಂದ ಪ್ಯಾರಿಸ್ಸಿನ ಪೊಲೀಸರು ಹಿಡಿದಾಗ ತಾಲೆರಾನ್ ಆಡಳಿತಗಾರ ಬರಾಸ್‌ಗೆ ಬರೆದ ಚೀಟಿಯಲ್ಲಿ, ಆಕೆ ಒಬ್ಬ ಭಾರತೀಯಳು, ಬಹಳ ಚೆಲುವೆ, ತಾನು ಕಂಡ ಹೆಂಗಸರಲ್ಲೆಲ್ಲ ಅತ್ಯಂತ ಸೋಮಾರಿ, ಇಂಥವಳು ಪಿತೂರಿ ಮಾಡಲಾರಳು ಎಂಬ ಅರ್ಥದ ಮಾತುಗಳಿವೆ. ಟಿಪ್ಪುವಿನ ಹೆಸರು ಬಂದ ಆ ವರದಿಗೂ ಈ ಚೀಟಿಗೂ ನಡುವೆ ಕೆಲವೇ ವಾರಗಳ ಅಂತರ. 1802ರಲ್ಲಿ ಪೋಪ್ ಏಳನೆಯ ಪಯಸ್ ಇವನನ್ನು ಪಾದ್ರಿಯಲ್ಲದ ಸಾಮಾನ್ಯ ಭಕ್ತರ ಸಾಲಿಗೆ ಸೇರಿಸಿದನಾದರೂ ಮದುವೆಗೆ ಅನುಮತಿ ಕೊಡಲಿಲ್ಲ. ವಿದೇಶಾಂಗ ಸಚಿವನ ಮನೆಯಲ್ಲಿ ಮದುವೆಯಾಗದ ಹೆಂಗಸು ಅತಿಥಿಗಳನ್ನು ಎದುರುಗೊಳ್ಳುವುದು ನೆಪೋಲಿಯನ್ನನಿಗೆ ಹಿಡಿಸದ ಕಾರಣ, ಆ ಸೆಪ್ಟೆಂಬರ್ 10ರಂದು ಮದುವೆ ನಡೆದೇ ಹೋಯಿತು.

ಪ್ರಶ್ನೆ: ತನಗೆ ದ್ರೋಹ ಬಗೆಯುತ್ತಿದ್ದಾನೆಂದು ತಿಳಿದೂ ನೆಪೋಲಿಯನ್ ಇವನನ್ನು ಸುಮ್ಮನೆ ಬಿಟ್ಟದ್ದೇಕೆ?
(ಓದುಗರೊಬ್ಬರು, ಮಂಗಳೂರು)

ಉತ್ತರ: ದ್ರೋಹ ಎಂಬ ಪದವನ್ನು ಇಲ್ಲಿ ಅಳುಕಿಲ್ಲದೆ ಬಳಸಬಹುದು. 1807ರ ಆಗಸ್ಟಿನಲ್ಲಿ ತಾಲೆರಾನ್ ಸಚಿವ ಪದವಿ ಬಿಟ್ಟ. ಮರುವರ್ಷ ಜರ್ಮನಿಯ ಎರ್ಫರ್ಟ್ ನಗರದಲ್ಲಿ ರಷ್ಯದ ತ್ಸಾರ್ ಅಲೆಕ್ಸಾಂಡರನೊಡನೆ ಮಾತುಕತೆ ನಡೆದಾಗ ನೆಪೋಲಿಯನ್ ತಾನಾಗಿಯೇ ಇವನನ್ನು ಜೊತೆಗೆ ಕರೆದೊಯ್ದ. ಹಗಲೆಲ್ಲ ನೆಪೋಲಿಯನ್ ತ್ಸಾರನನ್ನು ಒಲಿಸುವುದು. ರಾತ್ರಿ ತುರ್ನ್ ಮತ್ತು ತಕ್ಸಿಸ್ ಮನೆತನದ ರಾಜಕುಮಾರಿಯ ಬಿಡಾರದಲ್ಲಿ ಚಹಾ ಕುಡಿಯುತ್ತ ತಾಲೆರಾನ್ ಅದನ್ನು ಬಿಚ್ಚುವುದು. ಫ್ರೆಂಚ್ ಜನ ನಾಗರಿಕರು, ಅವರ ದೊರೆ ಅಲ್ಲ. ರಷ್ಯದ ದೊರೆ ನಾಗರಿಕ, ಅವನ ಜನ ಅಲ್ಲ. ಆದುದರಿಂದ ರಷ್ಯದ ದೊರೆ ಫ್ರೆಂಚ್ ಜನರ ಮಿತ್ರನಾಗಬೇಕು ಎಂದು ತ್ಸಾರನಿಗೆ ಬೋಧಿಸಿದ್ದು ಅಲ್ಲಿಯೇ.

1809ರ ಜನವರಿಯಲ್ಲಿ, ತನ್ನ ಬೆನ್ನ ಹಿಂದೆ ಪೊಲೀಸ್ ಸಚಿವ ಫೂಶೆಯೂ ತಾಲೆರಾನನೂ ಕೈಕೈ ಹಿಡಿದು ಓಡಾಡುತ್ತಿದ್ದಾರೆಂಬ ಸುದ್ದಿ ಕೇಳಿ ನೆಪೋಲಿಯನ್ ಸ್ಪೇನಿನಿಂದ ಧಾವಿಸಿ ಬಂದ. ಅದೇ 28ರಂದು ಇತರ ಹಿರಿಯ ಅಧಿಕಾರಿಗಳ ಎದುರಿಗೇ ಅರ್ಧ ಗಂಟೆಗೂ ಮೀರಿ ಬಾಯಿಗೆ ಬಂದಂತೆ ಬೈದ. ಕಳ್ಳ, ಹೇಡಿ, ದೇವರನ್ನು ನಂಬದವ, ಅರಮನೆಯ ಕಬ್ಬಿಣದ ಬೇಲಿಗೆ ನಿನ್ನನ್ನು ನೇಣು ಹಾಕಿಸುತ್ತಿದ್ದೆ, ರೇಷ್ಮೆಯ ಕಾಲುಚೀಲದಲ್ಲಿ ತುಂಬಿದ ಹೇಸಿಗೆ ನೀನು. ತಾಲೆರಾನ್ ಊನಗಾಲಿಗೆ ಆಸರೆಯಾಗಿ ಗೋಡೆಯ ಪಕ್ಕದ ಮೇಜಿಗೆ ಒರಗಿ ನಿಂತವನು ಮುಖದ ಒಂದು ಗೆರೆಯನ್ನೂ ಅಲುಗಿಸಲಿಲ್ಲ. ಹೊರಗೆ ಬಂದ ಮೇಲೆ, ಇಷ್ಟು ದೊಡ್ಡ ಮನುಷ್ಯನನ್ನು ಇಷ್ಟು ಕೆಟ್ಟದಾಗಿ ಬೆಳೆಸಿದ್ದಾರಲ್ಲ ಎಂದನಂತೆ. ಅರಮನೆಯ ಹಿರಿಯ ಸೇವಕಾಧಿಕಾರಿಯ ಪದವಿ ಹೋಯಿತು, ತಲೆ ಉಳಿಯಿತು. ಕೆಲವೇ ದಿನಗಳಲ್ಲಿ ಆಸ್ಟ್ರಿಯಾದ ರಾಯಭಾರಿ ಮೆಟರ್ನಿಕ್‌ನಿಗೆ ಸಹಾಯ ಮಾಡಲು ಸಿದ್ಧನೆಂದು ತಿಳಿಸಿ, ಅದಕ್ಕೆ ಹಣವನ್ನೂ ಕೇಳಿದ. ರಷ್ಯಕ್ಕೆ ಹೋಗುತ್ತಿದ್ದ ಗುಪ್ತ ಪತ್ರಗಳಲ್ಲಿ ಅವನಿಗಿದ್ದ ಹೆಸರುಗಳಲ್ಲಿ ಒಂದು ‘ಆನ್ನಾ ಇವಾನೋವ್ನಾ’.

ನೆಪೋಲಿಯನ್ ಬಿಟ್ಟದ್ದೇಕೆಂದರೆ, ಕೈಯಲ್ಲಿ ಸಾಕ್ಷ್ಯವಿರಲಿಲ್ಲ, ಮತ್ತು ಹಳೆಯ ಕುಲೀನ ಮನೆತನಗಳಿಗೂ ಯುರೋಪಿನ ಅರಮನೆಗಳಿಗೂ ಇವನಷ್ಟು ಸಲೀಸಾಗಿ ಹೋಗಿಬರುವವರು ಅವನ ಬಳಿ ಬೇರೊಬ್ಬರಿರಲಿಲ್ಲ. ಬುದ್ಧಿವಂತಿಕೆಗೆ ಮರುಳಾಗುವ ದೌರ್ಬಲ್ಯವೂ ಆ ಚಕ್ರವರ್ತಿಗೆ ಇತ್ತೆಂದು ನನಗೆ ತೋರುತ್ತದೆ. 1813ರ ಕೊನೆಗೆ, ಸಾಮ್ರಾಜ್ಯ ಕುಸಿಯುತ್ತಿರುವಾಗ, ವಿದೇಶಾಂಗ ಖಾತೆಯನ್ನು ಮತ್ತೆ ವಹಿಸಿಕೋ ಎಂದು ಕೇಳಿದ್ದು ಇದೇ ಮನುಷ್ಯನನ್ನು. ಆತ ಒಪ್ಪಲಿಲ್ಲ.

1814ರ ಮಾರ್ಚ್ 30ರಂದು, ಶತ್ರುಗಳು ಪ್ಯಾರಿಸ್ಸಿನ ಬಾಗಿಲಲ್ಲಿದ್ದಾಗ, ಮಹಾರಾಣಿಯ ಹಿಂದೆಯೇ ಊರು ಬಿಡಬೇಕೆಂಬ ಆಜ್ಞೆ ತಾಲೆರಾನನಿಗೂ ಇತ್ತು. ಸಾಮಾನು ಹೇರಿಸಿ, ಎಲ್ಲರಿಗೂ ಕಾಣುವಂತೆ ಗಾಡಿಯಲ್ಲಿ ಹೊರಟ. ಊರ ಗಡಿಯ ಕಾವಲುಕಟ್ಟೆಯಲ್ಲಿ ಪಹರೆಯವರು ತಡೆದು ಹಿಂದಕ್ಕೆ ಕಳುಹಿಸಿದರು. ಅಲ್ಲಿನ ಪಹರೆಯ ಮೇಲಧಿಕಾರಿ ಅವನ ಗೆಳೆಯನೇ. ಮರುದಿನ ಪ್ಯಾರಿಸ್ಸಿಗೆ ಬಂದ ತ್ಸಾರ್ ಅಲೆಕ್ಸಾಂಡರ್ ತಂಗಿದ್ದು ಇವನ ಮನೆಯಲ್ಲಿ. ಏಪ್ರಿಲ್ 1ರಂದು ಸೆನೆಟ್ ಸಭೆ ಇವನನ್ನು ತಾತ್ಕಾಲಿಕ ಸರ್ಕಾರದ ಮುಖ್ಯಸ್ಥನನ್ನಾಗಿ ಆರಿಸಿತು, ಅದರ ಬೆನ್ನಿಗೇ ನೆಪೋಲಿಯನ್ನನನ್ನು ಪದಚ್ಯುತಗೊಳಿಸಿತು.

ಪ್ರಶ್ನೆ: ಸೋತ ದೇಶದ ಪ್ರತಿನಿಧಿಯಾಗಿ ವಿಯೆನ್ನಾಕ್ಕೆ ಹೋದವನು ಗೆದ್ದವರ ನಡುವೆ ಏನು ಸಾಧಿಸಿದ?
(ಓದುಗರೊಬ್ಬರು, ಮುಂಬಯಿ)

ಉತ್ತರ: ನೆಪೋಲಿಯನ್ ಬಿದ್ದ ಮೇಲೆ ಯುರೋಪಿನ ಗಡಿಗಳನ್ನು ಗೊತ್ತುಪಡಿಸಲು ವಿಯೆನ್ನಾದಲ್ಲಿ ಸೇರಿದ ಸಮ್ಮೇಳನದಲ್ಲಿ ಒಂದು ಪದವನ್ನು ಹಿಡಿದು ಆರಂಭಿಸಿದ. 1814ರ ಸೆಪ್ಟೆಂಬರ್ 30ರಂದು ಮೆಟರ್ನಿಕ್‌ನ ಬಿಡಾರದಲ್ಲಿ ಮುಂದಿಟ್ಟ ನಡಾವಳಿಯಲ್ಲಿ ‘ಮಿತ್ರರಾಷ್ಟ್ರಗಳು’ ಎಂದು ಬರೆದಿತ್ತು. ಯಾರ ವಿರುದ್ಧ ಮಿತ್ರರು? ನೆಪೋಲಿಯನ್ ಎಲ್ಬಾ ದ್ವೀಪದಲ್ಲಿದ್ದಾನೆ, ಫ್ರಾನ್ಸಿನ ದೊರೆಯೊಡನೆ ಒಪ್ಪಂದವಾಗಿದೆ, ಇನ್ನೂ ಯುದ್ಧ ನಡೆದಿದೆಯೇ ಎಂದು ಕೇಳಿದ. ನಡಾವಳಿಯನ್ನು ಹಿಂದಕ್ಕೆ ತೆಗೆದುಕೊಂಡರು. ಎಂಟು ದಿನ ಕಳೆದು ‘ಸಾರ್ವಜನಿಕ ನ್ಯಾಯಕ್ಕೆ ಅನುಸಾರವಾಗಿ’ ಎಂಬ ಮಾತನ್ನು ಸೇರಿಸಬೇಕೆಂದಾಗ, ಇಲ್ಲಿ ಸಾರ್ವಜನಿಕ ನ್ಯಾಯಕ್ಕೆ ಏನು ಕೆಲಸ ಎಂದು ಪ್ರಷ್ಯದ ಹುಂಬೋಲ್ಟ್ ಸಿಡುಕಿದ. ನೀವು ಇಲ್ಲಿ ಕುಳಿತಿರುವುದೇ ಅದರಿಂದ ಎಂದು ಉತ್ತರ ಬಂತು.

ಆಮೇಲೆ ಗೆದ್ದವರ ನಡುವಿನ ಬಿರುಕಿಗೆ ಕೈ ಹಾಕಿದ. ಪ್ರಷ್ಯಕ್ಕೆ ಇಡೀ ಸ್ಯಾಕ್ಸನಿ ಬೇಕು, ರಷ್ಯಕ್ಕೆ ಪೋಲೆಂಡ್ ಬೇಕು. ಆಸ್ಟ್ರಿಯಾಕ್ಕೂ ಇಂಗ್ಲೆಂಡಿಗೂ ಎರಡೂ ಬೇಡ. 1815ರ ಜನವರಿ 3ರಂದು ಈ ಇಬ್ಬರೊಡನೆ ಫ್ರಾನ್ಸ್ ಗುಪ್ತ ಒಪ್ಪಂದಕ್ಕೆ ಸಹಿ ಹಾಕಿತು, ಅಗತ್ಯ ಬಿದ್ದರೆ ಒಬ್ಬೊಬ್ಬರು 1,50,000 ಸೈನಿಕರನ್ನು ಕೊಡಬೇಕೆಂದು. ಒಂಬತ್ತು ತಿಂಗಳ ಹಿಂದೆ ರಾಜಧಾನಿಯನ್ನೇ ಕಳೆದುಕೊಂಡಿದ್ದ ದೇಶ ಈಗ ಗೆದ್ದವರಲ್ಲಿ ಇಬ್ಬರ ಜೊತೆಗಾರ. ನನ್ನ ಮಟ್ಟಿಗೆ ಅವನ ಬದುಕಿನ ಅತ್ಯುತ್ತಮ ಕೆಲಸ ಇದು. ಪ್ರಷ್ಯಕ್ಕೆ ಸ್ಯಾಕ್ಸನಿಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಮಾತ್ರ ದಕ್ಕಿತು. ಆದರೆ ಮಾರ್ಚಿನಲ್ಲಿ ನೆಪೋಲಿಯನ್ ಎಲ್ಬಾದಿಂದ ಮರಳಿ ಬಂದವನಿಗೆ ಅರಮನೆಯಲ್ಲಿ ಈ ಒಪ್ಪಂದದ ಪ್ರತಿ ಸಿಕ್ಕಿತು. ಅದನ್ನು ನೇರವಾಗಿ ತ್ಸಾರನಿಗೆ ಕಳುಹಿಸಿಕೊಟ್ಟ. ವಾಟರ್ಲೂ ಯುದ್ಧದ ನಂತರ ತಾಲೆರಾನ್ ಪ್ರಧಾನಿಯಾದನಾದರೂ ಸೆಪ್ಟೆಂಬರಿನಲ್ಲೇ ಅಧಿಕಾರ ಹೋಯಿತು, ಮತ್ತು ಆ ನವೆಂಬರಿನ ಒಪ್ಪಂದದಲ್ಲಿ ಫ್ರಾನ್ಸಿಗೆ 70 ಕೋಟಿ ಫ್ರಾಂಕ್ ದಂಡ ಬಿತ್ತು. ಮುಂದಿನ ಹದಿನೈದು ವರ್ಷ ಬಹುಮಟ್ಟಿಗೆ ಅಲಂಕಾರದ ಹುದ್ದೆ. 1825ರಲ್ಲಿ ಹತ್ತನೆಯ ಶಾರ್ಲ್ ದೊರೆಯ ಪಟ್ಟಾಭಿಷೇಕದಲ್ಲಿ ಅರಸನ ಕಾಲಿಗೆ ಮಖಮಲ್ಲಿನ ಪಾದರಕ್ಷೆ ತೊಡಿಸುವ ಸೇವೆ ಇವನದಾಗಿತ್ತು. ಐದು ವರ್ಷಗಳಲ್ಲಿ ಆ ದೊರೆಯೂ ಓಡಿಹೋದ. ಲಂಡನ್ನಿನ ರಾಯಭಾರಿಯಾಗಿ ಇವನು ಬೆಲ್ಜಿಯಂ ಎಂಬ ಹೊಸ ದೇಶ ಯುರೋಪಿನ ದೊಡ್ಡ ಯುದ್ಧವೊಂದಕ್ಕೆ ಎಡೆಗೊಡದೆ ನೆಲೆಗೊಳ್ಳಲು ನೆರವಾದ.

ಪ್ರಶ್ನೆ: ಚರ್ಚಿನಿಂದ ಬಹಿಷ್ಕೃತನಾದವನಿಗೆ ಕೊನೆಗೆ ಧರ್ಮವಿಧಿಗಳು ದೊರೆತವೇ?
(ಓದುಗರೊಬ್ಬರು, ಶಿರಸಿ)

ಉತ್ತರ: ದೊರೆತವು, ಒಪ್ಪಂದ ಮಾಡಿಕೊಂಡ ಮೇಲೆ. 1838ರ ವಸಂತದಲ್ಲಿ ಕಾಯಿಲೆ ಬಿದ್ದಾಗ, ತನ್ನ ತಪ್ಪುಗಳನ್ನು ಹಿಂತೆಗೆದುಕೊಳ್ಳುವ ಪತ್ರದ ಬಗ್ಗೆ ಯುವಪಾದ್ರಿ ದ್ಯುಪಾನ್‌ಲೂ ಮೂಲಕ ಮಾತುಕತೆ ನಡೆಯಿತು. ಪದಗಳನ್ನು ತೂಗಿ, ತಿದ್ದಿ, ಸಹಿಯನ್ನು ಮುಂದೂಡಿ, ನಾಳೆ ಬೆಳಗ್ಗೆ ಐದು ಆರರ ನಡುವೆ ಎಂದ. ಮೇ 17ರಂದು ಹೇಳಿದ ಹೊತ್ತಿಗೆ ಸಹಿ ಹಾಕಿದ. ಬುದ್ಧಿ ಭ್ರಮಿಸಿದಾಗ ಬರೆಸಿಕೊಂಡರೆಂದು ಯಾರೂ ಹೇಳದಂತೆ, ತಾನು ಅಕಾಡೆಮಿಯಲ್ಲಿ ಭಾಷಣ ಮಾಡಿದ್ದ ಮಾರ್ಚ್ ತಿಂಗಳ ತಾರೀಖನ್ನು ಅದಕ್ಕೆ ಹಾಕಿಸಿದ. ಅದೇ ಬೆಳಗ್ಗೆ ದೊರೆ ಲೂಯಿ ಫಿಲಿಪ್ ನೋಡಲು ಬಂದಾಗ, ಸಾಯುತ್ತಿದ್ದವನು ಕೋಣೆಯಲ್ಲಿದ್ದವರನ್ನೆಲ್ಲ ಅರಮನೆಯ ಶಿಷ್ಟಾಚಾರದಂತೆ ದೊರೆಗೆ ಪರಿಚಯಿಸಿದ.

ಆ ಕಾಲದ ಕೊನೆಯ ಅಭ್ಯಂಜನ ವಿಧಿಯಲ್ಲಿ ಪಾದ್ರಿ ಸಾಯುವವರ ಅಂಗೈಗೆ ಪವಿತ್ರ ಎಣ್ಣೆ ಹಚ್ಚುತ್ತಿದ್ದ. ದೀಕ್ಷೆಯ ದಿನವೇ ಅಂಗೈಗೆ ಎಣ್ಣೆ ಹಚ್ಚಿಸಿಕೊಂಡಿರುವ ಪಾದ್ರಿಗಳಿಗೆ ಮಾತ್ರ ಅದನ್ನು ಕೈಯ ಹಿಂಭಾಗಕ್ಕೆ ಹಚ್ಚಬೇಕೆಂಬ ನಿಯಮವಿತ್ತು. ತಾಲೆರಾನ್ ಎರಡೂ ಮುಷ್ಟಿ ಬಿಗಿದು ಬೋರಲು ಚಾಚಿ, ‘ಮರೆಯಬೇಡಿ, ನಾನು ಬಿಷಪ್’ ಎಂದ. 47 ವರ್ಷಗಳ ಹಿಂದೆ ತಾನೇ ರಾಜೀನಾಮೆ ಕೊಟ್ಟಿದ್ದ ಪದವಿ ಅದು.